ಎಡ ತಿರುವಿನಲ್ಲಿ ಕುದುರೆ ಕಾಲು ಜಾರಿ ಕುಸಿಯುತ್ತಿದೆ: ಲಾರಿಯ ಹೊಸ ಬಾಡಿಯಲ್ಲಿ ದೋಷ ಎಲ್ಲಿದೆ?

ಭಾಲ್ಕಿ ಲಾಯ

ಹಳೆಯ ಐಷರ್ ಲಾರಿಯೊಂದನ್ನು ಕೊಂಡು, ಅದರ ತೆರೆದ ಬಾಡಿಯನ್ನು ಕಿತ್ತುಹಾಕಿ, ಎರಡು ಕುದುರೆಗಳು ನಿಲ್ಲುವಂತೆ ಮತ್ತು ಮುಂಭಾಗದಲ್ಲಿ ಇಬ್ಬರು ಮಲಗುವಂತೆ ಹೊಸ ಬಾಡಿ ಕಟ್ಟಿಸಿದ್ದೇವೆ. ನಮ್ಮಲ್ಲಿ ಹದಿನೈದು ಮುಷ್ಟಿ (ಭುಜದವರೆಗೆ ಐದು ಅಡಿ) ಎತ್ತರದ ಒಂದು ಮಾರ್ವಾಡಿ ಹೆಣ್ಣು ಕುದುರೆ ಮತ್ತು ಒಂದು ದಖ್ಖನಿ ತಟ್ಟು ಇವೆ. ಮದುವೆ ಮೆರವಣಿಗೆಗಳು, ಸುತ್ತಲಿನ ಜಾತ್ರೆಗಳು, ಚಳಿಗಾಲದಲ್ಲಿ ನಾಂದೇಡ್ ಜಿಲ್ಲೆಯ ಮಾಳೇಗಾಂವ್ ಖಂಡೋಬಾ ಜಾತ್ರೆ, ಇವಕ್ಕೆಲ್ಲ ಇನ್ನು ಬಾಡಿಗೆ ಟೆಂಪೊ ಹುಡುಕಬೇಕಾಗಿಲ್ಲ ಎಂದುಕೊಂಡಿದ್ದೆವು.

ಅಳತೆಗಳನ್ನು ಕೊಡುತ್ತೇನೆ. ಒಳಗಿನ ಉದ್ದ ಹದಿನಾಲ್ಕು ಅಡಿ. ಅದರಲ್ಲಿ ಮುಂದಿನ ಐದು ಅಡಿ ನಮ್ಮ ಕೋಣೆ, ಹಿಂದಿನ ಒಂಬತ್ತು ಅಡಿ ಕುದುರೆಗಳಿಗೆ. ಒಳಗಿನ ಅಗಲ ಆರೂಕಾಲು ಅಡಿ. ನಡುವೆ ಆಂಗಲ್ ಚೌಕಟ್ಟಿನ ಮೇಲೆ 19 ಮಿ.ಮೀ. ಪ್ಲೈವುಡ್ ಹಾಕಿದ ಅಡ್ಡಗೋಡೆ. ಅದು ನೆಲದಿಂದಲೇ ಶುರುವಾಗಿ ಐದೂವರೆ ಅಡಿ ಎತ್ತರಕ್ಕೆ ಹೋಗುತ್ತದೆ. ಕುದುರೆಗಳು ಮುಂದಕ್ಕೆ ಮುಖ ಮಾಡಿ ನಿಲ್ಲುತ್ತವೆ, ಎಡಗಡೆ ಹೆಣ್ಣು ಕುದುರೆ, ಬಲಗಡೆ ತಟ್ಟು. ಹಲಗೆಯ ನೆಲದ ಮೇಲೆ ಚೆಕರ್ಡ್ (ಉಬ್ಬುಗೆರೆಗಳಿರುವ) ಕಬ್ಬಿಣದ ಶೀಟು, ಅದರ ಮೇಲೆ ತೆಳ್ಳಗಿನ ರಬ್ಬರ್ ಹಾಳೆ.

ತೊಂದರೆ ಇದು. ಲಾರಿ ಎಡಕ್ಕೆ ತಿರುಗಿದರೆ ಸಾಕು, ಹೆಣ್ಣು ಕುದುರೆ ಬಲಕ್ಕೆ ವಾಲಿ ಅಡ್ಡಗೋಡೆಗೆ ಒರಗುತ್ತದೆ, ಆಮೇಲೆ ನಾಲ್ಕೂ ಕಾಲುಗಳು ನೆಲವನ್ನು ಕೆದರತೊಡಗುತ್ತವೆ. ದಡದಡ ಸದ್ದು ಕ್ಯಾಬಿನ್ನಿಗೂ ಕೇಳಿಸುತ್ತದೆ. ಹುಮನಾಬಾದಿನಿಂದ ಕಮಲಾಪುರದ ಕಡೆಗೆ ಹೋಗುವಾಗ ಒಮ್ಮೆ ಮಂಡಿಯೂರಿ ಬಿದ್ದೇಬಿಟ್ಟಿತು. ಇಳಿಸಿದಾಗ ಮೈಯೆಲ್ಲ ಬೆವರು, ಒಳತೊಡೆ ನಡುಗುತ್ತಿತ್ತು, ಹಿಂಗಾಲಿನ ಗೊರಸಿನ ಮೇಲ್ಭಾಗ ಉಜ್ಜಿ ರಕ್ತ ಬಂದಿತ್ತು. ತಟ್ಟುವಿಗೆ ಏನೂ ಆಗಿಲ್ಲ, ಅದು ಆರಾಮವಾಗಿ ಮೇವು ತಿನ್ನುತ್ತಿತ್ತು. ಈಗ ಹೆಣ್ಣು ಕುದುರೆ ಲಾರಿಯ ಹತ್ತಿರ ಬರಲೂ ಒಪ್ಪುತ್ತಿಲ್ಲ. ಹಿಂದೆ ಬಾಡಿಗೆಯ ತೆರೆದ ಟೆಂಪೊದಲ್ಲಿ ತಕರಾರಿಲ್ಲದೆ ಬರುತ್ತಿದ್ದ ಪ್ರಾಣಿ ಇದು.

ಬಾಡಿ ಕಟ್ಟಿದವರು ಕಮಾನುಪಟ್ಟಿಯ, ಅಂದರೆ ಬಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಯ, ದೋಷ ಎನ್ನುತ್ತಾರೆ. ಗ್ಯಾರೇಜಿನವರು ಬಾಡಿಯ ದೋಷ ಎನ್ನುತ್ತಾರೆ. ಇನ್ನೆರಡು ತೊಂದರೆಗಳೂ ಇವೆ: ಹಿಂದಿನ ಭಾಗದಲ್ಲಿ ಡೀಸೆಲ್ ಹೊಗೆ ತುಂಬಿಕೊಳ್ಳುತ್ತದೆ, ನಮ್ಮ ಕೋಣೆಗೆ ಮೂತ್ರದ ಘಾಟು ಬರುತ್ತದೆ. ಮೊದಲು ಕುದುರೆಯ ಜೀವ ಉಳಿಯಬೇಕು. ದಯವಿಟ್ಟು ತಿಳಿದವರು ಹೇಳಿ.

ಕಮಾನುಪಟ್ಟಿ, ಕಲಬುರಗಿ

ಲಾರಿ ಓಡಿಸಿ ಓಡಿಸಿ ಕೂದಲು ಹಣ್ಣಾದವನು ನಾನು. ನಿಮ್ಮ ಗಾಡಿಯ ಹಿಂದಿನ ಕಮಾನುಪಟ್ಟಿಗಳು ಟನ್ನುಗಟ್ಟಲೆ ಸರಕು ಹೊರಲು ಜೋಡಿಸಿದವು. ಎರಡು ಕುದುರೆ ಸೇರಿದರೆ ಎಂಟು ಕ್ವಿಂಟಾಲೂ ದಾಟಲಿಕ್ಕಿಲ್ಲ. ಅಷ್ಟು ಹಗುರ ಹೊರೆಗೆ ಪಟ್ಟಿ ಬಾಗುವುದೇ ಇಲ್ಲ, ಪ್ರತಿ ಉಬ್ಬಿನಲ್ಲಿಯೂ ಬಾಡಿ ಎಗರುತ್ತದೆ. ಎರಡು ಪಟ್ಟಿ ಬಿಚ್ಚಿಸಿ, ಟೈರಿನ ಗಾಳಿ ಇಳಿಸಿ. ಕುದುರೆಯ ತಲೆಯನ್ನು ಗಿಡ್ಡ ಹಗ್ಗದಲ್ಲಿ ಎತ್ತಿ ಕಟ್ಟಿ, ಆಗ ಬೀಳುವುದಿಲ್ಲ.

ಶಹಾಪುರ ಸವಾರ

ಗಿಡ್ಡ ಹಗ್ಗ ಬೇಡ. ಕುದುರೆ ಸಮತೋಲ ಹಿಡಿಯುವುದೇ ಕತ್ತು ಮತ್ತು ತಲೆಯನ್ನು ಅತ್ತಿತ್ತ ಆಡಿಸಿ. ಅದನ್ನೇ ಬಿಗಿದು ಕಟ್ಟಿದರೆ ಇನ್ನೂ ಬೇಗ ಬೀಳುತ್ತದೆ. ಬಿದ್ದ ಮೇಲೆ ಹಗ್ಗ ಕತ್ತಿಗೆ ಉರುಳಾಗುತ್ತದೆ.

ಭಾಲ್ಕಿಯವರೇ, ಪಟ್ಟಿ ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಕುದುರೆಯ ಕಾಲುಗಳು ಮಾತ್ರ ಕಾಣುವ ಹಾಗೆ ಒಂದು ಹಳೆಯ ಮೊಬೈಲನ್ನು ಒಳಗೋಡೆಗೆ ಭದ್ರವಾಗಿ ಕಟ್ಟಿ, ವಿಡಿಯೊ ಹಾಕಿ, ಊರಿನ ಹೊರಗೆ ನಿಧಾನವಾಗಿ ಎಡ ಬಲ ತಿರುಗಿಸಿ ತನ್ನಿ. ಹಿಂದೆ ಯಾರನ್ನೂ ನಿಲ್ಲಿಸಬೇಡಿ. ನನಗೆ ಅಡ್ಡಗೋಡೆಯ ಮೇಲೆ ಗುಮಾನಿ ಇದೆ. ನೀವು ಹೇಳಿದ್ದರಲ್ಲಿಯೇ ಸುಳಿವು ಇದೆ: ಅದೇ ಲಾರಿ, ಅದೇ ರಸ್ತೆ, ಅದೇ ಕಮಾನುಪಟ್ಟಿ, ಆದರೆ ತಟ್ಟುವಿಗೆ ತೊಂದರೆಯಿಲ್ಲ. ಮೈ ಸಣ್ಣದಾಗಿರುವ ತಟ್ಟುವಿಗೆ ಮೂರಡಿ ಅಗಲದಲ್ಲಿ ಕಾಲು ಅಗಲಿಸಿ ನಿಲ್ಲಲು ಜಾಗ ಸಿಗುತ್ತದೆ. ದೊಡ್ಡ ಕುದುರೆಗೆ ಸಿಗುವುದಿಲ್ಲ.

ಭಾಲ್ಕಿ ಲಾಯ

ವಿಡಿಯೊ ತೆಗೆದೆವು. ಹೆಣ್ಣು ಕುದುರೆಯನ್ನು ಹತ್ತಿಸಲು ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಲ್ಲ ತೋರಿಸುತ್ತ ಕೂರಬೇಕಾಯಿತು. ಆದರೆ ಹಾಕಿದ ಶ್ರಮ ವ್ಯರ್ಥವಾಗಲಿಲ್ಲ.

ನೇರ ರಸ್ತೆಯಲ್ಲಿ ಅದು ನಾಲ್ಕು ಕಾಲುಗಳನ್ನೂ ಒತ್ತೊತ್ತಾಗಿ ಇಟ್ಟುಕೊಂಡು ನಿಂತಿದೆ. ಲಾರಿ ಎಡಕ್ಕೆ ತಿರುಗಲು ಶುರುವಾದೊಡನೆ ಬಲ ಹಿಂಗಾಲು ಮೇಲೇಳುತ್ತದೆ, ಹೊರಗೆ ಇನ್ನೊಂದು ಗೇಣು ದೂರ ಊರಲು ಹೋಗುತ್ತದೆ, ಪ್ಲೈವುಡ್ಡಿಗೆ ಬಡಿಯುತ್ತದೆ. ಮತ್ತೆ ಎತ್ತುತ್ತದೆ, ಮತ್ತೆ ಬಡಿಯುತ್ತದೆ. ಮೂರನೆಯ ಸಲ ಗೊರಸು ಹಲಗೆಗೆ ತಾಗಿ ಜಾರಿ ಮೊದಲಿದ್ದ ಕಡೆಗೇ, ಇನ್ನೊಂದು ಕಾಲಿನ ಮೇಲೆಯೇ ಬರುತ್ತದೆ. ಅಷ್ಟರಲ್ಲಿ ಮೈಯ ಭಾರವೆಲ್ಲ ಅಡ್ಡಗೋಡೆಯ ಮೇಲೆ. ಆಗ ಎಡಗಾಲುಗಳು ಹೊರಗೋಡೆಯನ್ನು ಒದೆಯುತ್ತ ಮೇಲಕ್ಕೆ ಹತ್ತಲು ನೋಡುತ್ತವೆ. ಗೊರಸಿನ ಮೇಲಿನ ಗಾಯ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತು. ನನ್ನ ತಂದೆಯವರು ವಿಡಿಯೊವನ್ನು ಪೂರ್ತಿ ನೋಡಲಾರದೆ ಎದ್ದುಹೋದರು.

ಹುಮನಾಬಾದ್ ವೆಲ್ಡಿಂಗ್

ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಾಗಿಲ್ಲ. ದೋಷ ಅಡ್ಡಗೋಡೆಯ ಕೆಳಭಾಗದಲ್ಲಿದೆ. ಬಾಡಿ ಕಟ್ಟುವ ಬಹುತೇಕರು ಕುದುರೆಯ ಅಡ್ಡಗೋಡೆಯನ್ನು ಬೀರುವಿನ ಖಾನೆಯ ಹಾಗೆ ಯೋಚಿಸುತ್ತಾರೆ: ಎಷ್ಟು ಗಟ್ಟಿ ಮುಚ್ಚಿದರೆ ಅಷ್ಟು ಭದ್ರ. ಕುದುರೆಗೆ ಬೇಕಾದದ್ದು ಅದಲ್ಲ. ಮೇಲ್ಭಾಗದಲ್ಲಿ ಮೈಗೆ ಒರಗಲು ಗಟ್ಟಿ ಆಸರೆ ಬೇಕು, ಕೆಳಭಾಗದಲ್ಲಿ ಕಾಲು ಚಾಚಲು ದಾರಿ ಬೇಕು. ಕೆಳಗೆ ಖಾಲಿ ಇದ್ದರೆ ಕುದುರೆ ತಿರುವು ಬರುವ ಮೊದಲೇ ಅಗಲವಾಗಿ ಕಾಲೂರಿ ನಿಲ್ಲುತ್ತದೆ. ಆಗ ಎಡ ತಿರುವಾಗಲಿ ಬಲ ತಿರುವಾಗಲಿ ಅದಕ್ಕೆ ಲೆಕ್ಕವಿಲ್ಲ. ತೆರೆದ ಟೆಂಪೊದಲ್ಲಿ ನಿಮ್ಮ ಕುದುರೆ ತಕರಾರಿಲ್ಲದೆ ಬಂದದ್ದೂ ಇದೇ ಕಾರಣಕ್ಕೆ, ಅಲ್ಲಿ ಕಾಲಿಗೆ ತಡೆ ಇರಲಿಲ್ಲ.

ಹೀಗೆ ಮಾಡಿ. ಅಡ್ಡಗೋಡೆಯ ಕೆಳಗಿನ ಎರಡೂವರೆ ಅಡಿಯನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ನೆಲಕ್ಕೆ ಬೆಸುಗೆ ಹಾಕಿದ ಆಂಗಲ್ ಇದ್ದರೆ ಅದನ್ನೂ ಗ್ರೈಂಡರಿನಿಂದ ತೆಗೆದು ಸಮ ಮಾಡಿ, ಒಂದು ಅಂಚೂ ಉಳಿಯಬಾರದು. ಖಾಲಿಯಾದ ಜಾಗಕ್ಕೆ ದಪ್ಪ ರಬ್ಬರಿನ ಪರದೆ ಇಳಿಬಿಡಿ, ನೆಲಕ್ಕೆ ತಾಗದಂತೆ ನಾಲ್ಕು ಬೆರಳು ಮೇಲಿರಲಿ. ಇದು ಒಂದರ ಕಾಲನ್ನು ಇನ್ನೊಂದು ತುಳಿಯದಂತೆ ಅಂಜಿಕೆ ಕೊಡುತ್ತದೆ, ಆದರೆ ಗೊರಸು ಒತ್ತಿದರೆ ಬಾಗಿ ಜಾಗ ಬಿಡುತ್ತದೆ. ಹೊಸ ರಬ್ಬರ್ ಕೊಳ್ಳಬೇಕಿಲ್ಲ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಬಳಸಿ ತೆಗೆದ ಕನ್ವೇಯರ್ ಬೆಲ್ಟ್ ಗುಜರಿಯಲ್ಲಿ ಸಿಗುತ್ತದೆ. ಒಳಗೆ ಬಟ್ಟೆಯ ಪದರ ಇರುವುದರಿಂದ ಹರಿಯುವುದಿಲ್ಲ. ಉಕ್ಕಿನ ತಂತಿ ಇರುವ ಬೆಲ್ಟ್ ಮಾತ್ರ ತರಬೇಡಿ, ಅಂಚಿನಲ್ಲಿ ತಂತಿ ಎದ್ದು ಕಾಲು ಕೊಯ್ಯುತ್ತದೆ.

ಇನ್ನೊಂದು ಮುಖ್ಯ ಮಾತು. ಅಡ್ಡಗೋಡೆಯನ್ನು ಎರಡೂ ಕಡೆ ಪಿನ್ನಿನಲ್ಲಿ ನಿಲ್ಲಿಸಿ, ಹಿಂದಿನ ಪಿನ್ನನ್ನು ಹೊರಗಿನಿಂದಲೇ ಎಳೆಯುವಂತಿರಲಿ. ಕುದುರೆ ಬಿದ್ದು ಸಿಕ್ಕಿಕೊಂಡರೆ ಒಳಗೆ ಹೋಗಿ ಬೋಲ್ಟು ಬಿಚ್ಚುವಷ್ಟು ಸಮಯ ಇರುವುದಿಲ್ಲ, ಒಳಗೆ ಹೋದವನ ಪಕ್ಕೆಲುಬೂ ಉಳಿಯುವುದಿಲ್ಲ. ತಲೆಯ ಕಡೆ ಹೊರಗೋಡೆಯಲ್ಲಿ ಮನುಷ್ಯ ಹೊರಬರುವ ಚಿಕ್ಕ ಬಾಗಿಲು ಇದೆಯೇ? ಇಲ್ಲದಿದ್ದರೆ ಈಗಲೇ ಮಾಡಿಸಿ.

ಎದೆಗೆ ಅಡ್ಡವಾಗಿ ಒಂದು, ಹಿಂಭಾಗಕ್ಕೆ ಒಂದು, ಮೆತ್ತೆ ಸುತ್ತಿದ ಅಡ್ಡಪಟ್ಟಿಗಳು ಬೇಕೇಬೇಕು. ನಿಂತ ಕುದುರೆಯ ಭಾರದಲ್ಲಿ ನೂರಕ್ಕೆ ಅರುವತ್ತರಷ್ಟು ಮುಂಗಾಲಿನ ಮೇಲೆಯೇ ಇರುತ್ತದೆ. ಮುಂದಕ್ಕೆ ಮುಖ ಮಾಡಿ ನಿಂತಾಗ ಬ್ರೇಕು ಒತ್ತಿದರೆ ಇನ್ನಷ್ಟು ಭಾರ ಅಲ್ಲಿಗೇ ಬರುತ್ತದೆ.

ಕಮಾನುಪಟ್ಟಿ, ಕಲಬುರಗಿ

ವಿಡಿಯೊದ ವಿವರ ಓದಿದ ಮೇಲೆ ಅಡ್ಡಗೋಡೆಯ ಮಾತು ಒಪ್ಪುತ್ತೇನೆ. ಆದರೂ ಗಾಡಿ ಒಂದು ಕಡೆಗೆ ವಾಲುತ್ತಿದೆಯೇ ಎಂದು ನೋಡದೆ ಬಿಡಬೇಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಡ ಬಲ ಎರಡೂ ಹಿಂದಿನ ಚಕ್ರಗಳ ನಡುಬಿಂದುವಿನಿಂದ ಚಾಸಿಯವರೆಗೆ ಟೇಪು ಹಿಡಿಯಿರಿ. ಆಮೇಲೆ ತೂಕದ ಕಾಟಾಕ್ಕೆ ಒಯ್ದು ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ಬೇರೆ ಬೇರೆಯಾಗಿ ತೂಗಿಸಿ. ಆ ಚೀಟಿ ಕೈಯಲ್ಲಿಲ್ಲದೆ ಪಟ್ಟಿ ಬಿಚ್ಚುವ ಮಾತು ಬೇಡ. ಟೈರಿನ ಗಾಳಿಯನ್ನೂ ಆ ತೂಕಕ್ಕೆ ಟೈರ್ ಕಂಪನಿಯ ಪಟ್ಟಿ ಹೇಳಿದಷ್ಟೇ ಇಡಿ. ಖಾಲಿ ಕಣ್ಣಂದಾಜಿನಲ್ಲಿ ಇಳಿಸಿದರೆ ಬೇಸಿಗೆಯ ಡಾಂಬರಿನ ಮೇಲೆ ಟೈರು ಸಿಡಿಯುತ್ತದೆ. ನೀರಿನ ಟ್ಯಾಂಕು, ಬ್ಯಾಟರಿ ಎಲ್ಲ ಎಲ್ಲಿವೆ?

ಭಾಲ್ಕಿ ಲಾಯ

ಇನ್ನೂರು ಲೀಟರಿನ ಟ್ಯಾಂಕು, ಎರಡನೆಯ ಬ್ಯಾಟರಿ, ಒಲೆ, ಪಾತ್ರೆ ಪೆಟ್ಟಿಗೆ ಎಲ್ಲವೂ ಕೋಣೆಯ ಬಲಗಡೆಗೆ ಇವೆ. ಎಡಗಡೆ ಬಾಗಿಲು ಇರುವುದರಿಂದ ಹಾಗೆ ಇಟ್ಟರು. ಟೇಪು ಹಿಡಿದೆ, ಬಲಗಡೆ ಎರಡು ಬೆರಳಿನಷ್ಟು ಕೆಳಗೆ ಇದೆ.

ಕಮಾನುಪಟ್ಟಿ, ಕಲಬುರಗಿ

ಅಲ್ಲಿದೆ ನೋಡಿ ಉಳಿದರ್ಧ. ಎಡಕ್ಕೆ ತಿರುಗಿದಾಗ ಗಾಡಿ ಬಲಕ್ಕೆ ವಾಲುವುದು ಸಹಜ. ನಿಮ್ಮದು ನಿಂತಲ್ಲೇ ಬಲಕ್ಕೆ ವಾಲಿದೆ, ತಿರುವಿನಲ್ಲಿ ಕೇಳಬೇಕೇ! ತುಂಬಿದ ಟ್ಯಾಂಕೇ ಎರಡು ಕ್ವಿಂಟಾಲ್. ಅದನ್ನು ಕೋಣೆಯ ಹಿಂಗೋಡೆಗೆ ಅಂಟಿಸಿ, ನೆಲದ ಮಟ್ಟದಲ್ಲಿ, ಎಡದಿಂದ ಬಲಕ್ಕೆ ಅಡ್ಡವಾಗಿ ಕೂರಿಸಿ, ನಡುವೆ ತಡೆಹಲಗೆ ಇರುವ ಟ್ಯಾಂಕೇ ಆಗಬೇಕು. ಅರ್ಧ ತುಂಬಿದ ನೀರು ತಿರುವಿನಲ್ಲಿ ಒಂದೇ ಕಡೆಗೆ ನುಗ್ಗಿದರೆ ಮತ್ತೆ ಅದೇ ಕತೆ. ಭಾರವಾದ ಕುದುರೆಯನ್ನು ಬಲಗಡೆ, ಅಂದರೆ ರಸ್ತೆಯ ನಡುವಿನ ಕಡೆ ನಿಲ್ಲಿಸಿ. ನಮ್ಮ ರಸ್ತೆಗಳು ಎಡ ಅಂಚಿಗೆ ಇಳಿಜಾರಾಗಿರುತ್ತವೆ, ಭಾರ ರಸ್ತೆಯ ಎತ್ತರದ ಕಡೆ ಇದ್ದರೆ ಗಾಡಿ ನೇರ ನಿಲ್ಲುತ್ತದೆ. ಟ್ಯಾಂಕು ಸರಿಪಡಿಸಿದ ಮೇಲೆಯೇ ಇದನ್ನು ಮಾಡಿ.

ನಂದಿನಗರ

ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದಿದವಳು, ಈಗ ಪಶುವೈದ್ಯೆ. ಬಾಡಿಯ ವಿಷಯವನ್ನು ಬಲ್ಲವರು ಹೇಳಿದ್ದಾರೆ, ನಾನು ಕುದುರೆಯ ಕಡೆಯಿಂದ ಹೇಳುತ್ತೇನೆ.

ಯಾರಾದರೂ ಮಂಪರು ಚುಚ್ಚುಮದ್ದು ಕೊಟ್ಟು ಹತ್ತಿಸಿ ಎಂದರೆ ಕೇಳಬೇಡಿ. ಮಂಪರಿನಲ್ಲಿರುವ ಕುದುರೆಗೆ ಸಮತೋಲ ಇನ್ನೂ ಕಡಿಮೆ.

ತಲೆ ಎತ್ತಿ ಕಟ್ಟುವುದರ ಅಪಾಯ ಬೀಳುವುದರಲ್ಲಿ ಮುಗಿಯುವುದಿಲ್ಲ. ಕುದುರೆ ಮೇಯುವಾಗ ತಲೆ ತಗ್ಗಿಸುತ್ತದೆ, ಆಗ ಶ್ವಾಸನಾಳದಲ್ಲಿ ಸೇರಿದ ದೂಳು, ಸಿಂಬಳ, ರೋಗಾಣುಗಳು ಹೊರಗೆ ಹರಿದುಬರುತ್ತವೆ. ಗಂಟೆಗಟ್ಟಲೆ ತಲೆ ಎತ್ತಿಯೇ ನಿಂತರೆ ಅವು ಕೆಳಗಿಳಿದು ಶ್ವಾಸಕೋಶ ಸೇರುತ್ತವೆ. ಪ್ರಯಾಣವಾದ ಒಂದೆರಡು ದಿನಗಳಲ್ಲಿ ಜ್ವರ, ಕೆಮ್ಮು, ಮೇವು ಬಿಡುವುದು, ಆಮೇಲೆ ಎದೆಗೂಡಿನಲ್ಲಿ ನೀರು ಕೀವು. ಚಿಕಿತ್ಸೆ ತಡವಾದರೆ ಪ್ರಾಣಿ ಉಳಿಯುವುದು ಕಷ್ಟ. ಆದ್ದರಿಂದ ಹಗ್ಗ ಎದೆಯ ಮಟ್ಟಕ್ಕೆ ಮೂಗು ಇಳಿಯುವಷ್ಟು ಉದ್ದವಿರಲಿ, ಮುಂಗಾಲು ಸಿಕ್ಕುವಷ್ಟು ಬೇಡ. ನಡುವೆ ಸೆಣಬಿನ ದಾರದ ಕೊಂಡಿ ಇರಲಿ, ಜೋರಾಗಿ ಎಳೆದರೆ ಅದು ಹರಿಯಬೇಕು. ಮೂರು ನಾಲ್ಕು ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ, ಸುರಕ್ಷಿತ ಜಾಗ ಇದ್ದರೆ ಇಳಿಸಿ, ನೆಲದ ಮೇಲೆ ಮೇವು ಹಾಕಿ ತಲೆ ತಗ್ಗಿಸಲು ಬಿಡಿ. ಮಾಳೇಗಾಂವಿನಿಂದ ಬಂದ ಮೇಲೆ ಮೂರು ದಿನ ಬೆಳಗ್ಗೆ ಸಂಜೆ ಜ್ವರ ನೋಡಿ. ಸಾಮಾನ್ಯ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಅದನ್ನು ದಾಟಿದರೆ ಮನೆಮದ್ದು ಮಾಡುತ್ತ ಕೂರಬೇಡಿ.

ಬೇಸಿಗೆಯಲ್ಲಿ ಕುದುರೆ ದಿನಕ್ಕೆ ನಲವತ್ತು ಲೀಟರಿನವರೆಗೂ ನೀರು ಕುಡಿಯುತ್ತದೆ. ಎಷ್ಟೋ ಕುದುರೆಗಳು ಹೊಸ ಊರಿನ ನೀರನ್ನು ಮೂಸಿ ಬಿಟ್ಟುಬಿಡುತ್ತವೆ, ಆದ್ದರಿಂದ ನಿಮ್ಮ ದೊಡ್ಡ ಟ್ಯಾಂಕು ಒಳ್ಳೆಯದೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ಕಡೆ ಹಗಲು ಸಾಗಿಸಲೇಬೇಡಿ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ತಗಡಿನ ಚಾವಣಿಯ ಕೆಳಗೆ ನಿಂತ ಲಾರಿ ಒಲೆಯೇ ಸರಿ. ರಾತ್ರಿ ಹೊರಟು ಬೆಳಗಿನ ಜಾವ ಮುಟ್ಟಿ.

ಡೀಸೆಲ್ ಹೊಗೆ ಬಗ್ಗೆ ಬರೆದಿದ್ದೀರಿ. ಅದೂ ಶ್ವಾಸಕೋಶದ ವಿಷಯವೇ, ಎರಡನೆಯ ಸಾಲಿಗೆ ತಳ್ಳಬೇಡಿ. ಜಾತ್ರೆಗೆ ಹೋಗುವ ಮೊದಲು ಗ್ಲ್ಯಾಂಡರ್ಸ್ ಎಂಬ ಅಂಟುರೋಗದ ರಕ್ತಪರೀಕ್ಷೆ ಮಾಡಿಸಿ. ಮಾದರಿಯನ್ನು ಪಶುಸಂಗೋಪನಾ ಇಲಾಖೆಯ ಮೂಲಕ ಕಳಿಸಲಾಗುತ್ತದೆ, ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದಕ್ಕೆ ಹೆಸರಾದದ್ದು. ಇದು ಮನುಷ್ಯರಿಗೂ ತಗಲುವ ರೋಗ. ಕುದುರೆಯ ಪಕ್ಕದ ಕೋಣೆಯಲ್ಲಿಯೇ ಮಲಗುವ ನೀವು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಹುಮನಾಬಾದ್ ವೆಲ್ಡಿಂಗ್

ಹೊಗೆ ಮತ್ತು ಘಾಟಿಗೆ ಬರುತ್ತೇನೆ. ಪೆಟ್ಟಿಗೆಯಾಕಾರದ ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಹಿಂದಿನ ಬಾಗಿಲಿನ ಮೇಲ್ಭಾಗ ತೆರೆದಿದ್ದು ಮುಂದಿನ ಕಿಟಕಿಗಳು ಮುಚ್ಚಿದ್ದರೆ ಸೈಲೆನ್ಸರಿನ ಹೊಗೆ, ರಸ್ತೆಯ ದೂಳು ಎರಡೂ ಹಿಂದಿನಿಂದ ಒಳಗೆ ಬರುತ್ತವೆ. ಪರೀಕ್ಷೆ ಸುಲಭ: ಹಿಂದಿನ ತೆರವಿನ ಅಂಚಿಗೆ ದಾರದ ತುಂಡುಗಳನ್ನು ಕಟ್ಟಿ ಮತ್ತೆ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ದಾರ ಒಳಗೆ ಹಾರಿದರೆ ಗಾಳಿ ತಪ್ಪು ದಾರಿಯಲ್ಲಿ ಬರುತ್ತಿದೆ. ಕುದುರೆಯ ತಲೆಗಿಂತ ಮೇಲೆ, ಎರಡೂ ಪಕ್ಕಗಳಲ್ಲಿ, ಮುಂದಕ್ಕೆ ಬಾಯಿ ಇರುವ ಗಾಳಿಕಿಂಡಿ ಮಾಡಿಸಿ. ಕಣ್ಣಿಗೆ ನೇರ ಗಾಳಿ ಬಡಿಯಬಾರದು. ಸೈಲೆನ್ಸರಿನ ಕೊಳವೆಯನ್ನು ಬಾಡಿಯ ಪಕ್ಕದ ಅಂಚು ದಾಟುವವರೆಗೆ ಉದ್ದ ಮಾಡಿಸಿ.

ಘಾಟಿನ ಮೂಲ ನೆಲ. ಚೆಕರ್ಡ್ ಶೀಟನ್ನು ತೆಗೆಯಿರಿ. ಮೂತ್ರ ಶೀಟಿನ ಅಂಚಿನಲ್ಲಿ ಇಳಿದು ಹಲಗೆಯ ಮೇಲೆ ನಿಲ್ಲುತ್ತದೆ, ಆರುವುದಿಲ್ಲ. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿ ಕಾಣುತ್ತದೆ, ಕೆಳಗೆ ಹಲಗೆ ಕೊಳೆತಿರುತ್ತದೆ. ಶೀಟು ತೆಗೆದ ಮೇಲೆ ಪ್ರತಿ ಹಲಗೆಯ ತುದಿಗೂ ಸ್ಕ್ರೂಡ್ರೈವರ್ ಒತ್ತಿ ನೋಡಿ. ಗಟ್ಟಿ ಮರ ಟಣ್ಣೆಂದು ತಡೆಯುತ್ತದೆ. ಮೊನೆ ಒಳಗಿಳಿದರೆ ಆ ಹಲಗೆಯನ್ನು ಕೂಡಲೇ ಬದಲಿಸಿ, ನಾನೂರು ಕಿಲೋ ಭಾರ ನಾಲ್ಕು ಗೊರಸಿನ ಮೇಲೆ ಬಿದ್ದಾಗ ಅದು ಮುರಿಯುತ್ತದೆ. ಅಲ್ಯೂಮಿನಿಯಂ ಶೀಟು ಹಾಕುವ ಯೋಚನೆ ಇದ್ದರೆ ಬಿಡಿ, ಮೂತ್ರ ಅದನ್ನೂ ತಿನ್ನುತ್ತದೆ. ಹಲಗೆಯ ಮೇಲೆ ನೇರವಾಗಿ ಡೇರಿಗಳಲ್ಲಿ ಹಸುಗಳಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಎತ್ತಿ ತೊಳೆಯುವಂತಿರಲಿ. ನೆಲಕ್ಕೆ ಹಿಂದಕ್ಕೆ ತುಸು ವಾಟ ಇದ್ದು, ಮೂಲೆಯಲ್ಲಿ ರಂಧ್ರ ಇರಲಿ. ಕೋಣೆಯ ಗೋಡೆಯ ಬುಡದಲ್ಲಿ ನಾಲ್ಕು ಇಂಚು ಎತ್ತರದ ತಗಡಿನ ಕಟ್ಟೆ ಮಾಡಿ ಸೀಲೆಂಟ್ ಹಚ್ಚಿ, ಬ್ರೇಕು ಹಾಕಿದಾಗ ಮುಂದಕ್ಕೆ ಹರಿಯುವುದು ಅಲ್ಲಿಯೇ ನಿಲ್ಲುತ್ತದೆ.

ಒಲೆಯ ಮಾತು ಓದಿ ದಿಗಿಲಾಯಿತು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಪಕ್ಕದಲ್ಲಿ ಒಣ ಕಣಿಕೆ, ಎರಡು ಕಟ್ಟಿದ ಪ್ರಾಣಿಗಳು. ಸಿಲಿಂಡರಿಗೆ ಹೊರಗಿನಿಂದ ತೆರೆಯುವ, ತಳದಲ್ಲಿ ರಂಧ್ರವಿರುವ ಪ್ರತ್ಯೇಕ ಪೆಟ್ಟಿಗೆ ಮಾಡಿಸಿ, ಅಡುಗೆಯನ್ನು ಗಾಡಿಯ ಹೊರಗೆ ಮಾಡಿ. ಎರಡನೆಯ ಬ್ಯಾಟರಿಯ ತಂತಿಗೆ ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್ ಇರಲಿ.

ಕೆಎ 32

ಕಾಗದದ ಕಡೆಯೂ ನೋಡಿಕೊಳ್ಳಿ. ಕೇಂದ್ರ ಮೋಟಾರು ವಾಹನ ನಿಯಮಗಳ 125ಇ ನಿಯಮದ ಪ್ರಕಾರ 2016ರ ಜನವರಿ 1ರಿಂದ ಜಾನುವಾರು ಸಾಗಿಸುವ ವಾಹನದಲ್ಲಿ ಪ್ರತಿ ಪ್ರಾಣಿಗೂ ಪ್ರತ್ಯೇಕ ಖಾಯಂ ವಿಭಾಗ ಇರಬೇಕು. ಕುದುರೆಗೆ ಕನಿಷ್ಠ 2.25 ಚದರ ಮೀಟರ್. ನಿಮ್ಮ ಅಳತೆಯಲ್ಲಿ ಗೋಡೆಯ ದಪ್ಪ ಕಳೆದರೂ ಪ್ರತಿ ಕುದುರೆಗೆ ಸುಮಾರು ಎರಡೂವರೆ ಚದರ ಮೀಟರ್ ಸಿಗುತ್ತದೆ, ಅದು ಸಾಕು. ವೆಲ್ಡಿಂಗಿನವರು ಹೇಳಿದ ಅಡ್ಡಗೋಡೆ ಕೆಳಗೆ ರಬ್ಬರ್ ಇದ್ದರೂ ಖಾಯಂ ಆಗಿ ಜೋಡಿಸಿದ್ದೇ ಇರಲಿ, ಪ್ರತಿ ಸಲ ತೆಗೆದಿಡುವಂಥದ್ದು ಬೇಡ.

1978ರ ಪ್ರಾಣಿ ಸಾಗಾಟ ನಿಯಮಗಳಲ್ಲಿ ಕುದುರೆಗಳಿಗೇ ಬೇರೆ ಅಧ್ಯಾಯ ಇದೆ. ಜಾರದ ನೆಲ, ಪಕ್ಕಗಳಿಗೆ ಮೆತ್ತೆ, ಪಶುವೈದ್ಯರ ಪ್ರಮಾಣಪತ್ರ, ಗಂಟೆಗೆ 35 ಕಿಲೋಮೀಟರಿಗಿಂತ ಹೆಚ್ಚಿಲ್ಲದ ವೇಗ. ತಲೆಗಳು ಎಡಕ್ಕೆ, ಎದುರು ವಾಹನಗಳಿಂದ ದೂರ ಇರಬೇಕು ಎಂಬ ಮಾತೂ ಅದರಲ್ಲಿದೆ. ಆದರೆ ಆರೂಕಾಲು ಅಡಿಯ ಬಾಡಿಯಲ್ಲಿ ಮಾರ್ವಾಡಿ ಕುದುರೆ ಅಡ್ಡಲಾಗಿ ನಿಲ್ಲಲಾರದು. ಆದ್ದರಿಂದ ಬಾಡಿಯ ನಕ್ಷೆಯನ್ನು ಸಾರಿಗೆ ಕಚೇರಿಗೂ ಪಶುಸಂಗೋಪನಾ ಇಲಾಖೆಗೂ ತೋರಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ ಇಂಥ ಮಾರ್ಪಾಡು ಅನುಮತಿಯಿಲ್ಲದೆ ನಡೆಯುವಂತಿಲ್ಲ, ನೋಂದಣಿ ಪತ್ರದಲ್ಲಿ ದಾಖಲಾಗಬೇಕು. ದಾಖಲಾಗದ ಬಾಡಿಗೆ ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ. ನೀವು ಮಹಾರಾಷ್ಟ್ರಕ್ಕೂ ಹೋಗುವವರು, ಪರ್ಮಿಟ್ ಅದಕ್ಕೆ ತಕ್ಕಂತಿರಲಿ. ಗಾಡಿ ಓಡುವಾಗ ಮಲಗುವ ಕೋಣೆಯಲ್ಲಿ ಯಾರೂ ಇರಬಾರದು. ಕ್ಯಾಬಿನ್ನಿನಲ್ಲಿ ಸೀಟು ಎಷ್ಟೋ ಅಷ್ಟೇ ಜನ.

ಭಾಲ್ಕಿ ಲಾಯ

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ. ಅಡ್ಡಗೋಡೆಯ ಕೆಳಭಾಗ ಕತ್ತರಿಸಿ, ಸೇಡಂ ಕಡೆಯಿಂದ ತಂದ ಹಳೆಯ ಬೆಲ್ಟ್ ಇಳಿಬಿಟ್ಟೆವು. ಚೆಕರ್ಡ್ ಶೀಟು ತೆಗೆದಾಗ ಕೋಣೆಯ ಗೋಡೆಯ ಪಕ್ಕದ ಎರಡು ಹಲಗೆಗಳಿಗೆ ಸ್ಕ್ರೂಡ್ರೈವರ್ ಸಲೀಸಾಗಿ ಇಳಿಯಿತು. ಬದಲಿಸಿದೆವು. ಟ್ಯಾಂಕು ಅಡ್ಡಲಾಗಿ ಕೂತಿದೆ, ಟೇಪು ಎರಡೂ ಕಡೆ ಒಂದೇ ಅಳತೆ ತೋರಿಸುತ್ತದೆ. ಕಮಾನುಪಟ್ಟಿ ಮುಟ್ಟಿಲ್ಲ. ಸಿಲಿಂಡರ್ ಹೊರಗಿನ ಪೆಟ್ಟಿಗೆಗೆ ಹೋಯಿತು.

ಹೆಣ್ಣು ಕುದುರೆಯನ್ನು ಬಲವಂತ ಮಾಡದೆ, ನಿಂತ ಲಾರಿಯಲ್ಲಿಯೇ ದಿನವೂ ಹುರುಳಿ ಕೊಟ್ಟು ಇಳಿಸುತ್ತಿದ್ದೆವು. ಆಮೇಲೆ ಬೀದರಿನವರೆಗೆ ಒಯ್ದೆವು. ವಿಡಿಯೊದಲ್ಲಿ ಕಾಣುತ್ತದೆ: ಹೊರಟು ಸ್ವಲ್ಪ ಹೊತ್ತಿಗೆ ಅದು ತನ್ನ ಹೊರಗೋಡೆಯ ಕಡೆಯ ಕಾಲುಗಳನ್ನು ಅಲ್ಲಿಯೇ ಇಟ್ಟು, ಒಳಗಡೆಯ ಹಿಂಗಾಲನ್ನು ಮೆಲ್ಲನೆ ರಬ್ಬರಿನ ಕೆಳಗೆ ತಟ್ಟುವಿನ ಕಡೆಗೆ ಚಾಚಿ ಊರುತ್ತದೆ. ತಿರುವು ಬಂದರೂ ಕಾಲು ಕದಲುವುದಿಲ್ಲ, ಮೈ ಮಾತ್ರ ತೂಗುತ್ತದೆ. ಇಳಿಸುವಾಗ ಕತ್ತಿನ ಬುಡದಲ್ಲಿ ಬಿಟ್ಟರೆ ಎಲ್ಲೂ ಬೆವರಿರಲಿಲ್ಲ. ಗಾಳಿಕಿಂಡಿ ಹಾಕಿಸಿದ ಮೇಲೆ ದಾರಗಳು ಹೊರಗೆ ಹಾರುತ್ತಿವೆ.

ಎರಡು ವಿಷಯ ಉಳಿದಿವೆ. ಹಿಂದಿನ ಇಳಿಜಾರು ಹಲಗೆ ಏಳಡಿ ಉದ್ದ, ಲಾರಿಯ ನೆಲ ನಲವತ್ತು ಇಂಚು ಎತ್ತರ. ಹತ್ತುವಾಗ ಕುದುರೆ ಹಿಂಜರಿಯುತ್ತದೆ, ಎತ್ತಿ ಮುಚ್ಚಲು ಇಬ್ಬರು ಬೇಕು. ಇನ್ನೊಂದು, ಮದುವೆ ಹಂಗಾಮು ಇಲ್ಲದಾಗ ಸೋಯಾ ಮೂಟೆಗಳನ್ನು ಮಾರುಕಟ್ಟೆಗೆ ಒಯ್ಯಬಹುದೇ?

ಕೆಎ 32

ಒಯ್ಯುವಂತಿಲ್ಲ. ಪ್ರಾಣಿ ಸಾಗಾಟಕ್ಕೆಂದು ನೋಂದಣಿಯಾದ ವಾಹನದಲ್ಲಿ ಬೇರೆ ಸರಕು ಹಾಕಬಾರದು ಎಂದು ಅದೇ 125ಇ ನಿಯಮ ಹೇಳುತ್ತದೆ. ಲೆಕ್ಕಾಚಾರ ಹಾಕುವಾಗ ಆ ಆದಾಯವನ್ನು ಬಿಟ್ಟೇ ಹಾಕಿ.

ಹುಮನಾಬಾದ್ ವೆಲ್ಡಿಂಗ್

ನಿಮ್ಮ ಅಳತೆಗೆ ಇಳಿಜಾರು 28 ಡಿಗ್ರಿ ಬರುತ್ತದೆ, ಅದು ಕಡಿದಾಯಿತು. ಹಲಗೆಯನ್ನು ಉದ್ದ ಮಾಡಲು ಬರುವುದಿಲ್ಲ, ಮುಚ್ಚಿದಾಗ ಚಾವಣಿಗೆ ತಾಗುತ್ತದೆ. ಆದ್ದರಿಂದ ಮನೆಯಂಗಳದಲ್ಲಿ ಎಂಟು ಇಂಚಿನ ಗಟ್ಟಿ ಮಣ್ಣಿನ ದಿಬ್ಬ ಮಾಡಿ ಹಲಗೆಯ ತುದಿಯನ್ನು ಅದರ ಮೇಲಿಡಿ, 22 ಡಿಗ್ರಿಗೆ ಇಳಿಯುತ್ತದೆ. ಜಾತ್ರೆಗೆ ಹೋದಲ್ಲಿ ರಸ್ತೆಯ ಏರಿಗೆ ಬೆನ್ನು ಮಾಡಿ ನಿಲ್ಲಿಸಿ. ಎರೆಮಣ್ಣಿನ ಹೊಲಕ್ಕೆ ಮಳೆ ಬಿದ್ದ ಮೇಲೆ ಮಾತ್ರ ಇಳಿಯಬೇಡಿ, ಚಕ್ರ ಹೂತರೆ ಕುದುರೆ ಇಳಿಸದೆ ಗಾಡಿ ಮೇಲೆ ಬರುವುದಿಲ್ಲ. ಹಲಗೆಯ ಮೇಲೆ ಒಂದು ಗೇಣಿಗೊಂದರಂತೆ ಮರದ ಅಡ್ಡಪಟ್ಟಿ, ಅದರ ಮೇಲೆ ಉಳಿದ ಕನ್ವೇಯರ್ ಬೆಲ್ಟ್ ಹಾಕಿ. ಟೊಳ್ಳು ಸದ್ದು ನಿಂತರೆ ಅರ್ಧ ಹಿಂಜರಿಕೆ ಹೋಗುತ್ತದೆ. ಎರಡೂ ಪಕ್ಕ ಮಡಚುವ ಕಟಾಂಜನ ಇರಲಿ.

ಎತ್ತಲು ಹಿಂಜಿನ ಬಳಿ ಎರಡು ಸುರುಳಿ ಸ್ಪ್ರಿಂಗ್ ಕೂರಿಸಬಹುದು. ಕೂರಿಸಿದ ಮೇಲೆ ಕೊಂಡಿ ಬಿಚ್ಚುವಾಗ ಪಕ್ಕದಲ್ಲಿ ನಿಲ್ಲಿ, ಹಿಂದೆ ಎಂದೂ ನಿಲ್ಲಬೇಡಿ. ಇಳಿಸುವ ಕ್ರಮ ಮನೆಯ ಎಲ್ಲರಿಗೂ ಬಾಯಿಪಾಠ ಆಗಿರಲಿ: ಮೊದಲು ತಲೆಯ ಹಗ್ಗ ಬಿಚ್ಚಿ ಒಬ್ಬರು ಹಿಡಿದುಕೊಳ್ಳಬೇಕು, ಆಮೇಲೆ ಇಳಿಜಾರು ಹಲಗೆ, ಕೊನೆಗೆ ಹಿಂಬದಿಯ ಅಡ್ಡಪಟ್ಟಿ. ಹತ್ತಿಸುವಾಗ ಇದರ ತಿರುಗಾಮುರುಗಾ. ತಲೆ ಕಟ್ಟಿದ್ದು ಹಿಂದೆ ತೆರೆದಿದ್ದರೆ ಕುದುರೆ ಹಿಮ್ಮೆಟ್ಟಿ, ಹಗ್ಗ ತಡೆದು, ಗಾಬರಿಯಲ್ಲಿ ಹಿಂದಕ್ಕೆ ಬೀಳುತ್ತದೆ. ಸ್ಪ್ರಿಂಗಿನ ಅಳತೆ ಬೇಕಾದರೆ ಇಳಿಜಾರು ಹಲಗೆಯ ತೂಕ ಮತ್ತು ಹಿಂಜಿನ ನಡುವಿನ ಅಂತರ ಬರೆಯಿರಿ, ಲೆಕ್ಕ ಹಾಕಿ ಹೇಳುತ್ತೇನೆ.